ಕೋಚ್ ಮೂಗು ಮುಟ್ಟಿದರು

ಯಶೋಧರನ ಕೈಗೆ ಮೈಕ್ ಕೊಡುವುದು ಸುಲಭ. ವಾಪಸ್ ಪಡೆಯುವುದಿದೆಯಲ್ಲ, ಅದು ಕುವೈತಿನಲ್ಲಿ ಇವತ್ತಿನವರೆಗೆ ಯಾರಿಂದಲೂ ಆಗಿಲ್ಲ. ವಾರವಿಡೀ ಅವನು ಮಿರ್ಕಾಬಿನ ಒಂದು ಟ್ರೇಡಿಂಗ್ ಆಫೀಸಿನ ಮೂಲೆಯಲ್ಲಿ ಕೂತು ಕಂಟೇನರುಗಳ ಕಾಗದಪತ್ರ ನೋಡುವ ಮನುಷ್ಯ. ಅಲ್ಲಿ ಅವನ ಮಾತನ್ನು ಯಾರೂ ಕೇಳುವುದಿಲ್ಲ, ಪ್ರಿಂಟರ್ ಕೂಡ ಕೇಳುವುದಿಲ್ಲ. ಶುಕ್ರವಾರ ಬಂತೆಂದರೆ ಕಥೆಯೇ ಬೇರೆ. ಕರಾವಳಿಯವರ ವಾಲಿಬಾಲ್ ಪಂದ್ಯ ಎಲ್ಲೇ ಇರಲಿ, ಕೋರ್ಟಿನ ಪಕ್ಕ ಒಂದು ಮೇಜು, ಮೇಜಿನ ಮೇಲೆ ಒಂದು ನೀರಿನ ಬಾಟಲಿ, ಅದರ ಹಿಂದೆ ಯಶೋಧರ. "ನೆರೆದಿರುವ ನನ್ನ ಪ್ರೀತಿಯ ಕ್ರೀಡಾಭಿಮಾನಿಗಳೇ" ಎಂದು ಅವನು ಶುರು ಮಾಡಿದರೆ ಗ್ಯಾಲರಿಯಲ್ಲಿ ತಾಯಂದಿರ ಮಡಿಲಲ್ಲಿ ಮಲಗಿದ್ದ ಕೂಸುಗಳೂ ಎದ್ದು ಕೂರಬೇಕು. ಊರಿನ ಕಬಡ್ಡಿ, ಕಂಬಳದ ಮೈಕುಗಳನ್ನು ಕೇಳಿ ಬೆಳೆದ ಗಂಟಲು ಅದು. ಹಿಂದೆ ಮುಂದೆ ವಿಶೇಷಣ ಹಚ್ಚದೆ ಒಂದು ಸರ್ವಿಸನ್ನೂ ಬಲೆ ದಾಟಿಸಿದ್ದಿಲ್ಲ.

ಕಳೆದ ವರ್ಷ ಕಮಿಟಿಯವರಿಗೆ ಏನೋ ಬುದ್ಧಿ ಕೆಟ್ಟು, ಹೊಸಬನಾದ ಒಬ್ಬ ಡಿಜೆ ಹುಡುಗನಿಗೆ ಮೈಕ್ ಕೊಡೋಣ ಎಂದು ಹೊರಟಿದ್ದರು. ಯಶೋಧರನಿಗೆ ಅನ್ನ ಸೇರದ ಹಾಗಾಯಿತು. ಹೆಂಡತಿ ಚಂಪಾ ಹೆದರಿ ಕೊನ್ರಾಡನ ಹತ್ತಿರ ಹೇಳಿದಳು, ಕೊನ್ರಾಡ್ ಹೋಗಿ ಕಮಿಟಿಯವರ ಜನ್ಮ ಜಾಲಾಡಿ ಮೈಕನ್ನು ಉಳಿಸಿಕೊಟ್ಟ. ಕೊನ್ರಾಡ್ ಎಂದರೆ ರಿಗ್ಗೈಯಲ್ಲಿ ಯಶೋಧರನ ಮನೆಯಿರುವ ಬಿಲ್ಡಿಂಗಿನಲ್ಲೇ ಮೇಲಿನ ಮಾಳಿಗೆಯವನು, ಯಶೋಧರನ ಬಹಳ ಹಳೆಯ ದೋಸ್ತ, ರಿಗ್ಗೈ ಫ್ರೆಂಡ್ಸ್ ವಾಲಿಬಾಲ್ ತಂಡದ ಕೋಚ್. ಆಫೀಸು ಇಬ್ಬರಿಗೂ ಮಿರ್ಕಾಬಿನಲ್ಲೇ. ದಿನಾ ಬೆಳಿಗ್ಗೆ ಕೊನ್ರಾಡನ ಹಳೆಯ ಕಾರಿನಲ್ಲಿ ಇಬ್ಬರೂ ಒಟ್ಟಿಗೆ ಹೋಗುವುದು, ಒಟ್ಟಿಗೆ ಬರುವುದು.

ಎಲ್ಲ ಚೆನ್ನಾಗಿಯೇ ಇತ್ತು. ಈ ವರ್ಷ ಯಶೋಧರನ ಮಗ ವಿನೀತ್ ಅದೇ ತಂಡದ ಲಿಫ್ಟರ್ ಆದ, ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ.

ಲಿಫ್ಟರ್ ಎಂದರೆ ಸ್ಮ್ಯಾಶ್ ಹೊಡೆಯುವವರಿಗೆ ಬಲೆಯ ಹತ್ತಿರ ಚೆಂಡನ್ನು ಎತ್ತಿಕೊಡುವವನು. ಯಾರಿಗೆ ಕೊಡಬೇಕು, ಎಷ್ಟು ಎತ್ತರ ಕೊಡಬೇಕು, ಎಲ್ಲ ಅವನ ಬೆರಳ ತುದಿಯಲ್ಲಿ. ಹೊಡೆದರೆ ಹೊಡೆದವನಿಗೆ ಚಪ್ಪಾಳೆ, ತಪ್ಪಿದರೆ ಎತ್ತಿಕೊಟ್ಟವನಿಗೆ ಬೈಗುಳ, ಇಷ್ಟೇ ಆ ಕೆಲಸಕ್ಕೆ ಸಿಗುವ ಮರ್ಯಾದೆ. ವಿನೀತ್ ಕುವೈತಿನಲ್ಲೇ ಹುಟ್ಟಿ ಇಲ್ಲಿಯೇ ಕಾಲೇಜಿಗೆ ಹೋಗುವ, ಉದ್ದ ಕೈಕಾಲಿನ, ಮಾತು ಕಡಿಮೆಯ ಹುಡುಗ. ತುಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಗನ ಪಾಲಿನ ಮಾತನ್ನೂ ಅಪ್ಪನೇ ಆಡಿ ಮುಗಿಸಿದ್ದರಿಂದ ಅವನಿಗೆ ಉಳಿದಿರಲಿಲ್ಲ ಎಂದು ಚಂಪಾ ಹೇಳುವುದುಂಟು.

ಎಲ್ಲಿಗೆ ಎತ್ತಬೇಕೆಂದು ಕೊನ್ರಾಡ್ ಬೆಂಚಿನಿಂದಲೇ ಸನ್ನೆ ಮಾಡುತ್ತಿದ್ದ. ಕಿವಿ ಮುಟ್ಟಿದರೆ ಎಡತುದಿಗೆ ಎತ್ತರದ ಚೆಂಡು. ಮೂಗು ಮುಟ್ಟಿದರೆ ನಡುವೆ, ಗಿಡ್ಡಕ್ಕೆ, ಬೇಗ. ಟೊಪ್ಪಿ ಸರಿಮಾಡಿಕೊಂಡರೆ ಲಿಫ್ಟರನ ಬೆನ್ನ ಹಿಂದಕ್ಕೆ. ಈ ಗುಟ್ಟು ತಂಡದವರನ್ನು ಬಿಟ್ಟರೆ ಗೊತ್ತಿದ್ದದ್ದು ಯಶೋಧರನೊಬ್ಬನಿಗೆ. ಫೋರ್ತ್ ರಿಂಗ್ ರೋಡಿನಲ್ಲಿ ಕಾರು ನಿಂತಲ್ಲೇ ನಿಂತಿದ್ದ ಒಂದು ಬೆಳಿಗ್ಗೆ ಕೊನ್ರಾಡನೇ ಡ್ಯಾಶ್‌ಬೋರ್ಡಿನ ಧೂಳಿನ ಮೇಲೆ ಬೆರಳಿನಿಂದ ಗೀರಿ ಎಲ್ಲವನ್ನೂ ವಿವರಿಸಿದ್ದ.

ಕರಾವಳಿ ಕಪ್ಪಿನ ಮೊದಲ ಪಂದ್ಯದಲ್ಲಿ ಉಡುಪಿ ಕಡೆಯವರ ತಂಡದ ಎದುರು ರಿಗ್ಗೈ ಫ್ರೆಂಡ್ಸ್ ಸ್ವಲ್ಪದರಲ್ಲಿ ಸೋತಿತು. ಬಿಲ್ಡಿಂಗಿನ ಕೆಳಗೆ ಮಲಯಾಳಿಯೊಬ್ಬನ ಕೆಫೆಟೇರಿಯಾ ಇದೆ. ಪಂದ್ಯದ ಸಂಜೆ ಅಲ್ಲಿ ಕರಕ್ ಚಾ ಕುಡಿಯುತ್ತ ಸೋಲಿನ ಪೋಸ್ಟ್‌ಮಾರ್ಟಂ ಮಾಡುವುದು ಅಭಿಮಾನಿಗಳ ಪದ್ಧತಿ. ಅದರಲ್ಲಿ ಮುಖ್ಯ ಡಾಕ್ಟರುಗಳು ಇಬ್ಬರು: ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿರುವ ದೂಮಪ್ಪ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಬೆಟ್ಟಿ. ಇಬ್ಬರೂ ಜೀವಮಾನದಲ್ಲಿ ವಾಲಿಬಾಲ್ ಮುಟ್ಟಿದವರಲ್ಲ, ಹಾಗಾಗಿ ಸಂಶಯವೆಂಬುದೇ ಇರಲಿಲ್ಲ.

"ಹುಡುಗನಿಗೆ ತಲೆ ಓಡುದಿಲ್ಲ ಮಾರಾಯ್ರೆ," ಎಂದ ದೂಮಪ್ಪ. "ಪುನಃ ಪುನಃ ಅದೇ ಎಡತುದಿಗೆ ಎತ್ತಿದ. ಎದುರಿನವರು ಅಲ್ಲಿ ಚಾಪೆ ಹಾಸಿ ಕೂತಿದ್ದಾರೆ, ಇವ ಅಲ್ಲಿಗೇ ಕೊಡುದು! ಕಾಲೇಜಿನಲ್ಲಿ ಎಂತ ಕಲಿಸ್ತಾರೆ ಇವರಿಗೆ?"

"ನೀನು ಸುಮ್ನಿರು ದೂಮಪ್ಪ. ಹುಡುಗ ಪಾಪ, ಹೇಳಿದ್ದು ಮಾಡ್ತಾನೆ. ಬೆಂಚಲ್ಲಿ ಕೂತವನ ತಲೆ ಎಲ್ಲಿ ಉಂಟು ಅಂತ ಕೇಳು. ನಾನು ಕುವೈತಿಗೆ ಬಂದಾಗ ಕೊನ್ರಾಡ್‌ದು ಎಂತ ಪ್ಲಾನ್ ಇತ್ತೋ ಈಗ್ಲೂ ಅದೇ ಪ್ಲಾನ್."

"ಕೋಚ್ ಒಳಗೆ ಹೋಗಿ ಚೆಂಡು ಎತ್ಲಿಕ್ಕೆ ಆಗ್ತದಾ?"

"ಹುಡುಗ ಬೆಂಚಿಗೆ ಬಂದು ಯೋಚನೆ ಮಾಡ್ಲಿಕ್ಕೆ ಆಗ್ತದಾ?"

ಪಕ್ಕದ ಮೇಜಿನಲ್ಲಿ ಯಶೋಧರ ಬೆನ್ನು ಹಾಕಿ ಕೂತಿದ್ದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. "ಯಶೋಧರಣ್ಣ, ನೀವೇ ಹೇಳಿ. ತಪ್ಪು ಹುಡುಗನದ್ದಾ, ಕೋಚಿನದ್ದಾ?"

"ಮೈಕ್ ಹಿಡಿಯುವವನಿಗೆ ಪಕ್ಷ ಇರಬಾರದು," ಎಂದು ಯಶೋಧರ ದೊಡ್ಡ ಮನುಷ್ಯನ ಹಾಗೆ ಹೇಳಿ ಎದ್ದುಬಂದ. ಎಡತುದಿಗೆ ಎತ್ತಿದಷ್ಟು ಸಲವೂ ಕೊನ್ರಾಡ್ ಕಿವಿ ಮುಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹೇಳುವವನು ಒಬ್ಬ, ಬೈಸಿಕೊಳ್ಳುವವನು ತನ್ನ ಮಗ. ಇದೆಂಥ ನ್ಯಾಯ?

ಮನೆಗೆ ಬಂದು ಮಗನನ್ನು ಕೇಳಿದ. "ಎಡಕ್ಕೆ ಎತ್ತು ಅಂತ ಅಂಕಲ್ ಅಲ್ವಾ ಹೇಳಿದ್ದು?"

"ಲೀವ್ ಇಟ್ ಪಪ್ಪ. ಇಟ್ಸ್ ಓಕೆ," ಎಂದು ವಿನೀತ್ ಮೀನು ಸಾರಿಗೆ ಇನ್ನೊಂದು ಸೌಟು ಅನ್ನ ಹಾಕಿಕೊಂಡ.

ಅವನಿಗೆ ಓಕೆ ಇರಬಹುದು, ಅಪ್ಪನಿಗೆ ಇರಲಿಲ್ಲ. ಯಶೋಧರ ಬಹಳ ಯೋಚಿಸಿ ಒಂದು ದಾರಿ ಕಂಡುಕೊಂಡ. ಯಾರನ್ನೂ ದೂರುವುದು ಬೇಡ, ಯಾರ ಪಕ್ಷವೂ ಬೇಡ. ಕೋರ್ಟಿನಲ್ಲಿ ನಡೆಯುವುದನ್ನು ನಡೆದ ಹಾಗೆ ಹೇಳುವುದು ತಾನೇ ಕಮೆಂಟ್ರಿ? ಕೋಚ್ ಸನ್ನೆ ಮಾಡುವುದೂ ನಡೆಯುವ ಸಂಗತಿಯೇ. ಅದನ್ನೂ ಹೇಳಿಬಿಟ್ಟರೆ ಆಯಿತು, ಯಾವ ಚೆಂಡು ಯಾರ ತಲೆಯಿಂದ ಬಂದದ್ದು ಎಂದು ಜನಕ್ಕೆ ತಾನಾಗಿ ಗೊತ್ತಾಗುತ್ತದೆ. ತನ್ನ ಬುದ್ಧಿಗೆ ತಾನೇ ತಲೆದೂಗಿ ಅವನು ಹಾಯಾಗಿ ನಿದ್ದೆ ಹೋದ.

ಎರಡನೆಯ ಪಂದ್ಯ ಪಂಜಾಬಿ ಡ್ರೈವರುಗಳ ತಂಡದ ಮೇಲೆ. ಎದುರಿನವನು ಸರ್ವಿಸಿಗೆ ಚೆಂಡು ಹಿಡಿದಿದ್ದಾನೆ, ವಿನೀತ್ ಬೆಂಚಿನತ್ತ ನೋಡುತ್ತಾನೆ, ಸ್ಪೀಕರಿನಲ್ಲಿ ಯಶೋಧರ ಮೊಳಗುತ್ತಾನೆ: "ಇದೋ ನೋಡಿ ಅಭಿಮಾನಿಗಳೇ, ನಮ್ಮ ಅನುಭವಿ ಕೋಚ್ ಕೊನ್ರಾಡ್ ಅವರು ಮೂಗು ಮುಟ್ಟಿದ್ದಾರೆ! ಮೂಗು ಮುಟ್ಟಿದರೆ ನಡುವೆ ಗಿಡ್ಡ ಚೆಂಡು ಎಂದರ್ಥ! ಗುರುವಿನ ಆಜ್ಞೆಯನ್ನು ಶಿರಸಾವಹಿಸಿ ಪಾಲಿಸಲಿದ್ದಾನೆ ಯುವ ಲಿಫ್ಟರ್ ವಿನೀತ್!" ಗ್ಯಾಲರಿಗೆ ಭಾರೀ ಖುಷಿಯಾಯಿತು. ಇಂಥ ಒಳಗಿನ ಸುದ್ದಿ ಯಾವ ಕಮೆಂಟ್ರಿಯಲ್ಲೂ ಸಿಕ್ಕಿರಲಿಲ್ಲ. ರಿಗ್ಗೈ ಫ್ರೆಂಡ್ಸ್ ಆರಾಮವಾಗಿ ಗೆದ್ದಿತು, ಸರ್ದಾರ್ಜಿಯೊಬ್ಬ ಬಂದು ಯಶೋಧರನ ಕೈಕುಲುಕಿ, ಒಂದು ಅಕ್ಷರವೂ ಅರ್ಥವಾಗಲಿಲ್ಲ ಭಾಯಿ, ಆದರೂ ಮಜಾ ಬಂತು ಎಂದು ಹಿಂದಿಯಲ್ಲಿ ಹೇಳಿಹೋದ.

ಮೂರನೆಯದು ಸಬ್ಹಾನ್ ಬ್ರದರ್ಸ್ ಮೇಲೆ. ಎಲ್ಲರೂ ಬಂಟ್ವಾಳ, ಪುತ್ತೂರು ಕಡೆಯವರು, ಸಬ್ಹಾನಿನ ಗೋಡೌನುಗಳಲ್ಲಿ ಕೆಲಸ. ಅವರ ಕ್ಯಾಪ್ಟನ್ ಲತೀಶ್ ಫೋರ್ಕ್‌ಲಿಫ್ಟ್ ಓಡಿಸುವವನು, ತಾಳ್ಮೆಯ ಮನುಷ್ಯ. ಮೊದಲ ಐದಾರು ಚೆಂಡಿಗೆ ಅವನು ಸುಮ್ಮನೆ ಸ್ಪೀಕರಿನ ಕಡೆ ಕಿವಿ ಕೊಟ್ಟು ನಿಂತ. ಆಮೇಲೆ ನೋಡಿ, ರಿಗ್ಗೈಯವರು ಎಲ್ಲಿಂದ ಹೊಡೆದರೂ ಅಲ್ಲಿ ಸಬ್ಹಾನಿನ ಆರು ಕೈಗಳು ಮೊದಲೇ ಎದ್ದು ನಿಂತಿರುತ್ತಿದ್ದವು. ಎಡಕ್ಕೆ ಹೊಡೆದರೆ ಗೋಡೆ, ನಡುವೆ ಹೊಡೆದರೆ ಗೋಡೆ.

ಎರಡನೆಯ ಸೆಟ್ಟಿಗೆ ಕೊನ್ರಾಡ್ ಇದ್ದಕ್ಕಿದ್ದಂತೆ ಕಿವಿ, ಮೂಗು ಬಿಟ್ಟು ಮೊಣಕೈ, ಮಂಡಿ, ಗಡಿಯಾರ ಮುಟ್ಟತೊಡಗಿದ. ಯಶೋಧರ ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆದರೆ ಇಷ್ಟು ವರ್ಷ ಒಂದೇ ಕಾರಿನಲ್ಲಿ ಕೂತವನ ಕಣ್ಣಿಗೆ ಮಣ್ಣೆರಚುವುದೆಂದರೇನು? ನಾಲ್ಕು ಚೆಂಡು ನೋಡಿ ಎಲ್ಲವನ್ನೂ ಬಿಡಿಸಿಬಿಟ್ಟ. "ಅಭಿಮಾನಿಗಳೇ, ಚಾಣಾಕ್ಷ ಕೋಚ್ ಇಂದು ಹೊಸ ಸನ್ನೆ ತಂದಿದ್ದಾರೆ! ಮಂಡಿ ಎಂದರೆ ಎಡತುದಿ, ಗಡಿಯಾರ ಎಂದರೆ ಬೆನ್ನ ಹಿಂದೆ! ಈ ಯಶೋಧರನ ಹದ್ದಿನ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ಸಾಧ್ಯವೇ ಇಲ್ಲ!"

ಬೆಂಚಿನಲ್ಲಿ ಕೊನ್ರಾಡ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಅದಕ್ಕೆ ಏನರ್ಥವೆಂದು ಮಾತ್ರ ಯಶೋಧರನಿಗೆ ಹೊಳೆಯಲಿಲ್ಲ.

ಹೀನಾಯ ಸೋಲು. ಗ್ಯಾಲರಿಯಿಂದ "ವಿನೀತ್‌ನ ತೆಗೀರಿ, ಡಿಲನ್‌ನ ಇಳಿಸಿ" ಎಂದು ಕೂಗು ಎದ್ದಿತು. ಡಿಲನ್ ಎಂದರೆ ಬೆಂಚಿನಲ್ಲಿದ್ದ ಇನ್ನೊಬ್ಬ ಲಿಫ್ಟರ್, ಕೊನ್ರಾಡನ ಸ್ವಂತ ಮಗ. ಕೊನ್ರಾಡ್ ಅವನನ್ನು ಇಳಿಸಲಿಲ್ಲ, ಕೊನೆಯವರೆಗೆ ವಿನೀತನನ್ನೇ ಆಡಿಸಿದ. ಯಶೋಧರನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಒಹೋ, ಇದು ಸಂಗತಿಯೋ! ತನ್ನ ಮಗನಿಗೆ ಜಾಗ ಮಾಡಿಕೊಡಲಿಕ್ಕೆ ನನ್ನ ಮಗನ ಮಾನ ತೆಗೆಯುವ ಉಪಾಯ! ಈಗಲೇ ಇಳಿಸಿದರೆ ಜನ ಮಾತಾಡುತ್ತಾರೆ, ಹುಡುಗನ ಹೆಸರು ಪೂರ್ತಿ ಕೆಡಲಿ ಎಂದು ಕಾಯುತ್ತಿದ್ದಾನೆ ಭಟ್ಟಂಗಿ! ಕೊನ್ರಾಡ್ ಯಾವ ಲೆಕ್ಕದಲ್ಲಿ ಭಟ್ಟಂಗಿ ಎಂದು ಯಶೋಧರ ಯೋಚಿಸಲಿಲ್ಲ, ಸಿಟ್ಟಿನಲ್ಲಿ ಮೊದಲು ಬಾಯಿಗೆ ಬಂದ ಬೈಗುಳ ಅದು.

ಮರುವಾರವಿಡೀ ಕಾರಿನಲ್ಲಿ ಮಾತಿಲ್ಲ. ಕೊನ್ರಾಡ್ ಎರಡು ಮೂರು ಸಲ ಗಂಟಲು ಸರಿಮಾಡಿಕೊಂಡು, "ಯಶೂ, ಒಂದು ವಿಷಯ," ಎಂದ. ಪ್ರತಿ ಸಲವೂ ಯಶೋಧರ, "ಎಂತ?" ಎಂದು ಮುಖ ಗಂಟಿಕ್ಕಿದ. "ಎಂತ ಇಲ್ಲ, ಎಸಿ ಜಾಸ್ತಿ ಆಯ್ತಾ ಅಂತ," ಎಂದು ಕೊನ್ರಾಡ್ ಎಸಿಯ ಗುಂಡಿ ತಿರುಗಿಸಿದ.

ಪಾಯಿಂಟಿನ ಲೆಕ್ಕದಲ್ಲಿ ಹೇಗೋ ಸೆಮಿಫೈನಲಿಗೆ ಹತ್ತಿದ ರಿಗ್ಗೈ, ಅಲ್ಲಿ ಹೈದರಾಬಾದಿನವರ ತಂಡ ಸಿಕ್ಕಿ ಪುನಃ ಗೆದ್ದುಬಿಟ್ಟಿತು. ಕೆಫೆಟೇರಿಯಾದಲ್ಲಿ ದೊಡ್ಡ ದೊಡ್ಡ ಸಿದ್ಧಾಂತಗಳು ಹುಟ್ಟಿದವು. ಪಂಜಾಬಿ, ಹೈದರಾಬಾದಿ ಸಿಕ್ಕಿದರೆ ಗೆಲ್ಲುತ್ತಾರೆ, ನಮ್ಮ ಊರಿನ ಕಡೆಯವರು ಸಿಕ್ಕಿದರೆ ಸೋಲುತ್ತಾರೆ, ಇದೇನು ಕಥೆ?

"ಊರಿನವರನ್ನು ಕಂಡರೆ ಹುಡುಗನಿಗೆ ನಾಚಿಕೆ," ಎಂದು ದೂಮಪ್ಪ ತೀರ್ಪು ಕೊಟ್ಟ. "ಇಲ್ಲಿ ಹುಟ್ಟಿದ ಮಕ್ಕಳಿಗೆ ಅದೊಂದು ಉಂಟು."

"ನಾಚಿಕೆ ಅಂತೆ! ಕೊನ್ರಾಡ್‌ನ ಹಳಸಿದ ಪ್ಲಾನ್ ಊರಿನವರಿಗೆಲ್ಲ ಬಾಯಿಪಾಠ ಆಗಿದೆ, ಪಂಜಾಬಿಗಳಿಗೆ ಗೊತ್ತಿಲ್ಲ, ಅಷ್ಟೇ," ಎಂದಳು ಬೆಟ್ಟಿ.

ಸತ್ಯದ ಇಷ್ಟು ಹತ್ತಿರ ಹೋಗಿ ಹೀಗೆ ಪಕ್ಕದ ಗಲ್ಲಿಗೆ ತಿರುಗಿದವರನ್ನು ನಾನಂತೂ ಕಂಡಿಲ್ಲ. ಅಷ್ಟರಲ್ಲಿ ತಂಡಕ್ಕೆ ಜರ್ಸಿ ಕೊಡಿಸಿದ ಟ್ರಾವೆಲ್ಸಿನವರಿಂದ ಖಡಕ್ ಮಾತು ಬಂತು: ಫೈನಲ್ ಮತ್ತೆ ಸಬ್ಹಾನಿನ ಮೇಲೆ, ಇದನ್ನೂ ಸೋತರೆ ಆ ಹುಡುಗ ಖಲಾಸ್, ಮುಂದಿನ ಸಲದಿಂದ ಬೇರೆ ಲಿಫ್ಟರ್. ಅವತ್ತು ವಿನೀತ್ ಊಟದಲ್ಲಿ ಎರಡನೆಯ ಸೌಟು ಅನ್ನ ಹಾಕಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡು ಕೋಣೆಯ ಗೋಡೆಗೆ ಚೆಂಡು ಎತ್ತಿ ಎತ್ತಿ ಹೊಡೆಯುವ ಸದ್ದು ಕೇಳುತ್ತಿತ್ತು. ಯಶೋಧರ ಬಾಗಿಲಿನ ಈಚೆ ನಿಂತು ಅದನ್ನೇ ಕೇಳಿದ. ಫೈನಲಿನಲ್ಲಿ ಒಂದೇ ಒಂದು ಸನ್ನೆಯನ್ನೂ ಬಿಡುವುದಿಲ್ಲ, ಮಗು, ನಿನ್ನ ತಪ್ಪಿಲ್ಲವೆಂದು ಇಡೀ ಕುವೈತಿಗೆ ಸಾಬೀತು ಮಾಡುತ್ತೇನೆ ಎಂದು ಅಲ್ಲೇ ಪಣ ತೊಟ್ಟ.

ಶುಕ್ರವಾರ ಶಾಲೆಯೊಂದರ ಒಳಾಂಗಣ ಕೋರ್ಟು ತುಂಬಿ ತುಳುಕುತ್ತಿತ್ತು. ಮೂರರಲ್ಲಿ ಎರಡು ಸೆಟ್ ಗೆದ್ದವರಿಗೆ ಕಪ್ಪು. ಯಶೋಧರ ಪಣ ತೊಟ್ಟ ಹಾಗೆಯೇ ನಡೆದುಕೊಂಡ. ಕೊನ್ರಾಡ್ ಗಲ್ಲ ಕೆರೆದರೆ ಗಲ್ಲ, ಕೆಮ್ಮಿದರೆ ಕೆಮ್ಮು, ಅರ್ಥ ಸಮೇತ ಹೇಳಿದ. ಮೊದಲ ಸೆಟ್ಟು ನೋಡನೋಡುತ್ತಲೇ ಸಬ್ಹಾನಿನ ಪಾಲಾಯಿತು. ಗ್ಯಾಲರಿಯಲ್ಲಿ ದೂಮಪ್ಪನ ಕಡೆಯವರು "ಹುಡುಗನ್ನ ತೆಗೀರಿ" ಎಂದರು, ಬೆಟ್ಟಿಯ ಕಡೆಯವರು "ಕೋಚನ್ನೇ ತೆಗೀರಿ" ಎಂದರು.

ಬಿಡುವಿನಲ್ಲಿ ನೀರು ಕುಡಿಯಲು ಬಂದ ಲತೀಶ್ ಯಶೋಧರನ ಮೇಜಿನ ಮುಂದೆ ನಿಂತ. ಬೆವರು ಒರೆಸಿಕೊಂಡು ಬಹಳ ಭಕ್ತಿಯಿಂದ ಹೇಳಿದ, "ಯಶೋಧರಣ್ಣ, ನಿಮ್ಮ ಕಮೆಂಟ್ರಿ ಅಂದ್ರೆ ಕಮೆಂಟ್ರಿ. ನಿಮ್ಮ ಉಪಕಾರ ನಾವು ಮರೆಯುದಿಲ್ಲ."

"ಅಯ್ಯೋ, ಉಪಕಾರ ಎಂತದ್ದು ಮಾರಾಯ," ಎಂದು ಯಶೋಧರ ಹಿಗ್ಗಿದ.

"ಹಾಗಲ್ಲ ಅಣ್ಣ. ಈಗ ಬದಿ ಬದಲಾಗ್ತದಲ್ಲ, ಆ ಕಡೆ ಸ್ಪೀಕರ್ ಅಷ್ಟು ಕೇಳುದಿಲ್ಲ. ಸ್ವಲ್ಪ ಜೋರಾಗಿ, ಸ್ವಲ್ಪ ಬೇಗ ಹೇಳಿದ್ರೆ ಉಪಕಾರ ಆಗ್ತಿತ್ತು. ಒಂದೆರಡು ಸಲ ನೀವು ತಡ ಮಾಡಿದ್ರಿ, ನಮ್ಮವರು ಹಾರ್ಲಿಕ್ಕೆ ತಡ ಆಯ್ತು." ಲತೀಶ್ ಬಾಟಲಿ ಖಾಲಿ ಮಾಡಿ, ಕೈಮುಗಿದು ಹೋದ.

ಯಶೋಧರನ ಮುಖದ ನಗು ಹಾಗೆಯೇ ನಿಂತಿತ್ತು, ಒಳಗೆ ಮಾತ್ರ ಒಂದೊಂದಾಗಿ ಎಲ್ಲವೂ ಕುಸಿಯುತ್ತಿತ್ತು. ಪಂಜಾಬಿಗಳಿಗೆ ಕನ್ನಡ ಬರುವುದಿಲ್ಲ. ಹೈದರಾಬಾದಿನವರಿಗೂ ಬರುವುದಿಲ್ಲ. ಸಬ್ಹಾನಿನವರಿಗೆ ಬರುತ್ತದೆ. ಅಯ್ಯೋ ದೇವರೇ! ಹುಡುಗನೂ ಅಲ್ಲ, ಕೋಚೂ ಅಲ್ಲ, ಮಗನ ಕತ್ತಿಗೆ ಹಗ್ಗ ಹಾಕಿ ಎಳೆಯುತ್ತಿದ್ದವನು ತಾನು! ಅವನು ಬೆಂಚಿನತ್ತ ನೋಡಿದ. ಕೊನ್ರಾಡ್ ಅವನನ್ನೇ ನೋಡುತ್ತಿದ್ದವನು ಗಡಿಬಿಡಿಯಲ್ಲಿ ಬಗ್ಗಿ, ಚಪ್ಪಲಿಯಲ್ಲಿ ಇಲ್ಲದ ಲೇಸನ್ನು ಕಟ್ಟತೊಡಗಿದ.

ಮೇಜಿನ ಹಿಂದೆ ಫ್ಲಾಸ್ಕ್ ಹಿಡಿದು ಕೂತಿದ್ದ ಚಂಪಾಳ ಕಡೆ ಯಶೋಧರ ತಿರುಗಿದ. ಮೈಕನ್ನು ಆಫ್ ಮಾಡಿ ಪಿಸುಗುಟ್ಟಿದ. "ನಿನಗೆ ಗೊತ್ತಿತ್ತಾ?"

"ಆವತ್ತು ಸಬ್ಹಾನಿನ ಮ್ಯಾಚಿನಲ್ಲೇ ಗೊತ್ತಾಯ್ತು."

"ಮತ್ತೆ ಹೇಳ್ಬಾರದಾ!"

"ಮಗ ಹೇಳ್ಬೇಡ ಅಂದ. ಕೊನ್ರಾಡಣ್ಣ ಮನೆಗೆ ಬಂದು, ನಾನು ಹೊಸ ಸನ್ನೆ ಮಾಡ್ತೇನೆ, ಅವನಿಗೆ ಹೇಳ್ಬೇಡಿ ಅಂದ್ರು. ಹೇಳಿದ್ರೆ ನೀವು ಮೈಕ್ ಬಿಡ್ತೀರಿ ಅಂತ ಅವರಿಬ್ಬರಿಗೂ ಹೆದರಿಕೆ." ಚಂಪಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. "ಕಳೆದ ವರ್ಷ ನಿಮ್ಮ ಅವಸ್ಥೆ ಎಲ್ಲರೂ ನೋಡಿದ್ದಾರಲ್ಲ. ಬೈಗುಳ ನಾವು ತಿಂತೇವೆ, ಅವ ಊಟ ಬಿಡುದು ಬೇಡ ಅಂದ್ರು ಕೊನ್ರಾಡಣ್ಣ."

ಈ ಮನುಷ್ಯನನ್ನು ತಾನು ವಾರವಿಡೀ ಮನಸ್ಸಿನಲ್ಲಿ ಬೈದೆನಲ್ಲ, ಅವನ ಕಾರಿನಲ್ಲೇ ಕೂತು, ಅವನದೇ ಎಸಿ ಗಾಳಿ ಕುಡಿಯುತ್ತ ಬೈದೆನಲ್ಲ ಎಂದು ಯಶೋಧರ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ರೆಫರಿಯ ಸೀಟಿ. ಎರಡನೆಯ ಸೆಟ್ಟು ಶುರು. ಮೈಕ್ ಅವನ ಕೈಯಲ್ಲಿ, ಇಡೀ ಗ್ಯಾಲರಿ ಅವನ ಬಾಯಿ ನೋಡುತ್ತಿದೆ, ಬಲೆಯ ಆಚೆಯಿಂದ ಲತೀಶ್ ಕಿವಿ ನೆಟ್ಟಗೆ ಮಾಡಿ ನಿಂತಿದ್ದಾನೆ.

ಏನು ಮಾಡುವುದು? ಸುಳ್ಳು ಸನ್ನೆ ಹೇಳಿದರೆ ಸಬ್ಹಾನಿನ ಹುಡುಗರಿಗೆ ಮೋಸ. ಮೈಕಿನಲ್ಲಿ ಸುಳ್ಳು ಹೇಳಿದವನಲ್ಲ ಯಶೋಧರ. ಸುಮ್ಮನಿದ್ದರೆ ಎಲ್ಲರೂ ಇತ್ತ ತಿರುಗುತ್ತಾರೆ, ಯಾಕೆ ಎನ್ನುತ್ತಾರೆ. ಕೊನ್ರಾಡ್ ಮೂಗು ಮುಟ್ಟಿದ. ಯಶೋಧರ ಉಸಿರೆಳೆದುಕೊಂಡ.

"ಅಭಿಮಾನಿಗಳೇ, ಪಂದ್ಯದ ನಂತರ ಎಲ್ಲರಿಗೂ ಊಟದ ವ್ಯವಸ್ಥೆ ಇದೆ! ಕೋರಿ ರೊಟ್ಟಿ, ನೀರುದೋಸೆ, ಸಸ್ಯಾಹಾರಿಗಳಿಗೆ ಕಡಲೆ ಮನೋಳಿ!"

ಸಬ್ಹಾನಿನ ಮೂವರು ಮೂರು ದಿಕ್ಕಿಗೆ ಹಾರಿದರು. ಚೆಂಡು ನಡುವೆ ಧಡಾರನೆ ಬಿತ್ತು, ರಿಗ್ಗೈಗೆ ಪಾಯಿಂಟು.

ಮುಂದಿನ ಚೆಂಡಿಗೆ ಕೊನ್ರಾಡ್ ಮೊಣಕೈ ಮುಟ್ಟಿದ. "ಗೇಟಿನ ಎದುರು ಬಿಳಿ ಬಣ್ಣದ ದೊಡ್ಡ ಗಾಡಿಯೊಂದು ದಾರಿಗೆ ಅಡ್ಡ ನಿಂತಿದೆ, ಯಾರದ್ದೆಂದು ದಯವಿಟ್ಟು ನೋಡಿ ತೆಗೆಯಿರಿ!" ಪಾಯಿಂಟು. ಕೊನ್ರಾಡ್ ಟೊಪ್ಪಿ ಮುಟ್ಟಿದ. "ಕೋರಿ ರೊಟ್ಟಿಯ ರೊಟ್ಟಿ ಊರಿನಿಂದಲೇ ಬಂದದ್ದು, ಪುಡಿಯಾಗದೆ ಬಂದಿದೆ ಎಂಬುದೇ ವಿಶೇಷ!" ಪಾಯಿಂಟು. ಲತೀಶ್ ಸ್ಪೀಕರಿನ ಕಡೆ ಕಳವಳದಿಂದ ನೋಡಿದ. ಅವನ ಪಕ್ಕದವನು ಕೈಸನ್ನೆಯಲ್ಲೇ, ಏನಾಯಿತು ಅಣ್ಣ, ಹೇಳಿ, ಎಂದು ಯಶೋಧರನನ್ನು ಅಂಗಲಾಚಿದ. ಯಶೋಧರ ಅವನಿಗೆ ಮನೋಳಿಯ ತೊಂಡೆಕಾಯಿಯನ್ನು ಹೇಗೆ ಹೆಚ್ಚಿದ್ದಾರೆಂದು ವಿವರಿಸಿದ.

ಗ್ಯಾಲರಿಯಲ್ಲಿ ದೂಮಪ್ಪನಿಗೆ ತಾಳ್ಮೆ ಕೆಟ್ಟಿತು. "ಓ ಯಶೋಧರಣ್ಣ, ಅಡುಗೆ ಸಾಕು! ಆಟ ಹೇಳಿ ಮಾರಾಯ್ರೆ!"

ಆಟ ಹೇಳುವವನು ಹೇಳಲಿಲ್ಲ, ಆಡುವವರು ಆಡಿದರು. ಎರಡನೆಯ ಸೆಟ್ಟು ರಿಗ್ಗೈಯದಾಯಿತು. ಮೂರನೆಯದರಲ್ಲಿ ಸಬ್ಹಾನಿನವರೂ ಸ್ಪೀಕರಿನ ಆಸೆ ಬಿಟ್ಟು ಕಣ್ಣು ಬಿಟ್ಟು ಆಡಿದರು, ಆಟವೆಂದರೆ ಅದು ಆಟ. ಜಗ್ಗಾಡಿ ಜಗ್ಗಾಡಿ ಕೊನೆಗೆ ರಿಗ್ಗೈಗೆ ಇನ್ನೊಂದೇ ಪಾಯಿಂಟು ಬೇಕು ಎನ್ನುವಲ್ಲಿಗೆ ಬಂತು. ಯಶೋಧರನ ಹತ್ತಿರ ಅಡುಗೆ ಮುಗಿದಿತ್ತು, ಗಾಡಿಗಳು ಮುಗಿದಿದ್ದವು, ಜಾಹೀರಾತು ಕೊಟ್ಟವರೆಲ್ಲ ಮುಗಿದಿದ್ದರು. ಅವನು ಮೈಕನ್ನು ಮೇಜಿನ ಮೇಲಿಟ್ಟ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೋರ್ಟಿನಲ್ಲಿ ಬೂಟುಗಳ ಸದ್ದು, ಮಕ್ಕಳ ಕೆಮ್ಮು, ಎಸಿಯ ಗುಂಯ್ ಎಲ್ಲವೂ ಕೇಳಿಸಿತು.

ವಿನೀತ್ ಬೆಂಚಿನತ್ತ ನೋಡಿದ. ಕೊನ್ರಾಡ್ ಮೂಗು ಮುಟ್ಟಿದ. ಹಳೆಯ ಸನ್ನೆ, ನಡುವೆ ಗಿಡ್ಡ ಚೆಂಡು. ಸರ್ವಿಸ್ ಬಂತು, ಹಿಂದಿನವನು ಚೆಂಡು ಎತ್ತಿ ಕೊಟ್ಟ, ವಿನೀತ್ ಬಲೆಯ ಹತ್ತಿರ ಹಾರಿದ. ನಡುವಿನ ಹೊಡೆಯುವವನೂ ಹಾರಿದ, ಎದುರು ಲತೀಶ್ ಮತ್ತು ಇನ್ನಿಬ್ಬರು ಅವನ ಮೇಲೆಯೇ ಕೈ ಎತ್ತಿ ಹಾರಿದರು. ಆ ಕ್ಷಣದಲ್ಲಿ ವಿನೀತ್ ಚೆಂಡನ್ನು ಯಾರಿಗೂ ಕೊಡಲಿಲ್ಲ. ಎಡಗೈಯ ಎರಡು ಬೆರಳಿನಿಂದ ಅದನ್ನು ತಾನೇ ಬಲೆಯ ಆಚೆಗೆ, ಯಾರೂ ಇಲ್ಲದ ಜಾಗಕ್ಕೆ, ಮೆಲ್ಲಗೆ ಜಾರಿಸಿದ. ಚೆಂಡು ನೆಲಕ್ಕೆ ಬಿದ್ದ ಸದ್ದು ಯಶೋಧರನಿಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಬೇರೇನೂ ಕೇಳಿಸಲಿಲ್ಲ, ಇಡೀ ಗ್ಯಾಲರಿ ಕೋರ್ಟಿಗೆ ನುಗ್ಗಿತ್ತು.

ಸಂಜೆ ಕೆಫೆಟೇರಿಯಾದಲ್ಲಿ ಕೂರಲು ಜಾಗವಿರಲಿಲ್ಲ. ಮೇಜಿನ ಮೇಲೆ ಗೆದ್ದ ಕಪ್ಪು, ಕಪ್ಪಿನ ಒಂದು ಬದಿಗೆ ಕೊನ್ರಾಡ್, ಇನ್ನೊಂದು ಬದಿಗೆ ವಿನೀತ್. ಗೆದ್ದ ಮೇಲಾದರೂ ಜಗಳ ನಿಲ್ಲಬೇಕಲ್ಲ? ಎಲ್ಲಿಯ ಮಾತು!

"ಆ ಕೊನೆಯ ಚೆಂಡು ಉಂಟಲ್ಲ, ಅದು ಕೊನ್ರಾಡಣ್ಣನ ಮಾಸ್ಟರ್ ಪ್ಲಾನ್," ಎಂದ ದೂಮಪ್ಪ. "ಅಂಥದ್ದು ಹುಡುಗರ ತಲೆಗೆ ಹೊಳೆಯುದಿಲ್ಲ."

"ಪ್ಲಾನೂ ಇಲ್ಲ ಗೀನೂ ಇಲ್ಲ," ಎಂದಳು ಬೆಟ್ಟಿ. "ಕೋಚ್ ಏನೋ ಒಂದು ಹೇಳಿರ್ತಾನೆ, ಹುಡುಗ ಅದನ್ನು ಬಿಟ್ಟು ಸ್ವಂತ ತಲೆ ಓಡಿಸಿದ. ಅದಕ್ಕೇ ಗೆದ್ದದ್ದು. ಕೋಚಿನ ಮಾತು ಕೇಳಿದ್ರೆ ಇವತ್ತೂ ಮುಳುಗ್ತಿತ್ತು."

"ನೋಡಿದವರನ್ನೇ ಕೇಳುವ," ಎಂದ ದೂಮಪ್ಪ. ಎಲ್ಲರೂ ತಿರುಗಿದರು. "ಯಶೋಧರಣ್ಣ, ನೀವೇ ಹೇಳಿ. ಒಂದೊಂದು ಸನ್ನೆಯನ್ನೂ ಬಿಡದೆ ಓದಿದವರು ನೀವು. ಆ ಕೊನೆಯ ಚೆಂಡಿಗೆ ಕೋಚ್ ಎಂತ ಮುಟ್ಟಿದ್ದು?"

ಉತ್ತರ ಯಶೋಧರನ ನಾಲಿಗೆಯ ತುದಿಗೇ ಬಂತು. ಮೂಗು ಮುಟ್ಟಿದ್ದು, ಇವ ಮಾಡಿದ್ದು ಬೇರೆ, ಪೂರ್ತಿ ನನ್ನ ಮಗನದೇ ತಲೆ, ನನ್ನ ಮಗನದೇ ಧೈರ್ಯ. ಇದೊಂದು ಮಾತು ಹೇಳುವುದಕ್ಕಾಗಿ ತಾನೇ ಇಷ್ಟು ದಿನ ಮೈಕ್ ಹಿಡಿದು ಒದ್ದಾಡಿದ್ದು! ಈಗ ಮೈಕೂ ಬೇಡ, ಎಲ್ಲರೂ ಬಾಯಿ ಮುಚ್ಚಿ ಕಾಯುತ್ತಿದ್ದಾರೆ. ಅವನು ಕೊನ್ರಾಡನನ್ನು ನೋಡಿದ. ಕೊನ್ರಾಡ್ ಸಕ್ಕರೆ ಹಾಕದ ಚಾವನ್ನು ಚಮಚದಲ್ಲಿ ಕಲಕುತ್ತ ತಲೆ ತಗ್ಗಿಸಿದ್ದ. ಮಗನನ್ನು ನೋಡಿದ. ಮಗ ತುಸುವೇ ತಲೆ ಅಲ್ಲಾಡಿಸಿದ, ಬೇಡ ಎಂಬಂತೆ.

"ನಾನು ನೋಡ್ಲೇ ಇಲ್ಲ ಮಾರಾಯ್ರೆ," ಎಂದ ಯಶೋಧರ. "ಕೋರಿ ರೊಟ್ಟಿ ಎಲ್ಲರಿಗೂ ಸಾಕಾಗ್ತದಾ ಅಂತ ಯೋಚನೆ ಮಾಡ್ತಿದ್ದೆ."

"ಅದೇ!" ದೂಮಪ್ಪ ಮೇಜು ಕುಟ್ಟಿದ. "ಇವತ್ತು ಆಟ ಫಸ್ಟ್ ಕ್ಲಾಸ್, ಕಮೆಂಟ್ರಿ ದಂಡ! ಮುಂದಿನ ವರ್ಷ ಆ ಡಿಜೆ ಹುಡುಗನನ್ನೇ ಕರೆಯುವ." ಎಲ್ಲರೂ ನಕ್ಕರು. ಯಶೋಧರನೂ ನಕ್ಕ. ಅಷ್ಟು ನೋವಾಗಲಿಲ್ಲ, ಅದೇ ಅವನಿಗೆ ಆಶ್ಚರ್ಯ.

ಭಾನುವಾರ ಬೆಳಿಗ್ಗೆ ಎಂದಿನಂತೆ ಕಾರು. ಎಂದಿನಂತೆ ಫೋರ್ತ್ ರಿಂಗ್ ರೋಡಿನಲ್ಲಿ ಟ್ರಾಫಿಕ್ಕು. ಮುಂದೆ ಒಂದು ಬಸ್ಸಿನ ಬೆನ್ನು.

"ಯಶೂ, ನೀನು ನಿಜಕ್ಕೂ ನೋಡ್ಲಿಲ್ವಾ?" ಎಂದು ಕೊನ್ರಾಡ್ ಕೇಳಿದ.

"ಎಂತದ್ದು?"

"ಎಂತ ಇಲ್ಲ." ಕೊನ್ರಾಡ್ ಕಾರನ್ನು ನಾಲ್ಕು ಮಾರು ಮುಂದೆ ತಂದು ಮತ್ತೆ ನಿಲ್ಲಿಸಿದ. ಆಮೇಲೆ ಡ್ಯಾಶ್‌ಬೋರ್ಡಿನ ಕಡೆ ಬಾಗಿ, ಧೂಳಿನ ಮೇಲೆ ಬೆರಳಿನಿಂದ ಬಲೆಯ ಗೆರೆ ಎಳೆದ. "ಮುಂದಿನ ವರ್ಷಕ್ಕೆ ಹೊಸ ಸನ್ನೆ ಯೋಚಿಸಿದ್ದೇನೆ. ನೋಡು ಇಲ್ಲಿ."

ಯಶೋಧರ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡ. "ಬೇಡ ಮಾರಾಯ, ಬೇಡ! ನನಗೆ ತೋರಿಸ್ಬೇಡ! ನನ್ನ ಬಾಯಿ ನಿನಗೆ ಗೊತ್ತುಂಟಲ್ಲ!"

"ಗೊತ್ತುಂಟು. ನಿನಗೆ ಹೇಳದೆ ಮತ್ತೆ ಯಾರಿಗೆ ಹೇಳುದು?"

ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಕೊನ್ರಾಡ್ ಬೆರಳನ್ನು ಹಾಗೆಯೇ ಧೂಳಿನ ಮೇಲಿಟ್ಟು ಕಾಯುತ್ತಿದ್ದ. ಯಶೋಧರ ಮೆಲ್ಲಗೆ ಕೈ ತೆಗೆದು, ಕಣ್ಣು ಬಿಟ್ಟು ನೋಡಿದ.